ಮೊಣಕಾಲು ಗುಳಿಗೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ

ನಾನು ಮೂವತ್ತೊಂದನೆಯ ವಯಸ್ಸಿಗೆ ನಿವೃತ್ತನಾದೆ. ಶಾಲು, ಹಣ್ಣಿನ ಬುಟ್ಟಿ, ‘ಇವರ ಸೇವೆ ಅವಿಸ್ಮರಣೀಯ’ ಎಂಬ ಭಾಷಣ ಯಾವುದೂ ಆಗಲಿಲ್ಲ. ಭಾಷಣ ಬೇಕೆನಿಸಿದ ದಿನ ನಮ್ಮ ಡೈರೆಕ್ಟರ್ ಸಾಹೇಬರ ದನಿಯಲ್ಲಿ ನಾನೇ ಮಾಡಿಕೊಳ್ಳುತ್ತೇನೆ. ಬಚ್ಚಲಮನೆಯಲ್ಲಿ ಅದು ಭಾಳ ಛಲೋ ಕೇಳಿಸುತ್ತದೆ. ಹೊರಗಿನಿಂದ ಅವ್ವ, “ಸಾಹೇಬ್ರ ಭಾಷಣ ಮುಗದಿದ್ರ ನನ್ನ ಮಗನ್ನ ಹೊರಗ ಕಳಸ್ರಿ, ರೊಟ್ಟಿ ಆರಾಕ ಹತ್ಯಾವ” ಎನ್ನುತ್ತಾಳೆ.

ಎಂಟು ವರ್ಷ ನಾನು ಒಂದು ಕೋಚಿಂಗ್ ಸೆಂಟರಿನಲ್ಲಿ ರೀಜನಿಂಗ್ ಕಲಿಸಿದೆ. ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ‘ತಾರ್ಕಿಕ ಸಾಮರ್ಥ್ಯ’ ಎಂದು ಬರುತ್ತದಲ್ಲ, ಅದು. ಸೋಮವಾರ ಮಂಗಳವಾರ ಕೊಪ್ಪಳ, ಬುಧವಾರ ಗುರುವಾರ ಗಂಗಾವತಿ, ಶುಕ್ರವಾರ ಕುಷ್ಟಗಿ, ಶನಿವಾರ ಯಲಬುರ್ಗಾ. ರವಿವಾರ ಅಣಕು ಪರೀಕ್ಷೆ. ಅಣಕಿಸುವುದೇ ಕಸುಬಾದ ನನಗೆ ಹೇಳಿ ಮಾಡಿಸಿದ ದಿನ. ಈ ಪರೀಕ್ಷೆಗಳನ್ನು ನಾನೂ ನಾಲ್ಕು ಸಲ ಬರೆದು ನಾಲ್ಕು ಸಲ ಬಿದ್ದಿದ್ದೆ. ಸೆಂಟರಿನ ಪಾಂಪ್ಲೆಟಿನಲ್ಲಿ ಅದನ್ನು ‘ಪರೀಕ್ಷೆಗಳ ಸುದೀರ್ಘ ಅನುಭವ’ ಎಂದು ಅಚ್ಚು ಹಾಕಿಸಿದ್ದರು. ಸುಳ್ಳಂತೂ ಅಲ್ಲ.

ಈಗ ಈ ಕೆಲಸಕ್ಕೆ ಹೊಸದಾಗಿ ಕಾಲಿಡುವ ತಮ್ಮ ತಂಗಿಯರು ಫೋನ್ ಮಾಡಿ, “ಅಣ್ಣಾ, ಯಾವ ಪುಸ್ತಕ ಓದ್ಲಿ?” ಎಂದು ಕೇಳುತ್ತಾರೆ. ಪುಸ್ತಕದ ವಿಷಯ ನನ್ನನ್ನು ಕೇಳಬಾರದು. ಯಾಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಕಸುಬಿನ ದೊಡ್ಡ ನಿಯಮ. ಅದನ್ನು ನಾನು ಕಲಿತದ್ದು ಕುಷ್ಟಗಿಯಲ್ಲಿ, ಮೊದಲ ವಾರವೇ. ರಕ್ತಸಂಬಂಧದ ಪ್ರಶ್ನೆ ಬಿಡಿಸುತ್ತಿದ್ದೆ. ಒಬ್ಬಾಕೆ ಒಂದು ಫೋಟೋ ತೋರಿಸಿ, ‘ಇವನು ನನ್ನ ತಾಯಿಯ ತಮ್ಮ’ ಎನ್ನುತ್ತಾಳೆ. ಅವನು ಆಕೆಗೆ ಏನಾಗಬೇಕು? ತಂದೆ, ಸೋದರಮಾವ, ಗಂಡ, ಅಣ್ಣ. ಕ್ಲಾಸಿನ ಅರ್ಧ ಹೆಣ್ಣುಮಕ್ಕಳು ‘ಗಂಡ’ ಎಂದು ಗುರುತು ಹಾಕಿದ್ದರು. ನಾನು ನಕ್ಕು, “ತಪ್ಪು” ಎಂದೆ.

ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತಳು. “ತಪ್ಪು ಹೆಂಗ್ರಿ ಸರ್? ನಮ್ಮವ್ವನ ತಮ್ಮನ್ನ ನಾ ಮದಿವಿ ಆಗೀನಿ. ಈಗ ಹೊರಗ ಗಾಡಿ ಮ್ಯಾಲ ಕುಂತಾರ, ಕರೀಲೇನು?”

ಕರೆಯುವುದು ಬೇಡವೆಂದೆ. ಗಂಡನೇ ಬಂದು ನಿಂತಮೇಲೆ ಉತ್ತರಕ್ಕೆ ಇನ್ನೇನು ಸಾಕ್ಷಿ? ಆ ಗಾಬರಿಯಲ್ಲಿ ನನ್ನ ಬಾಯಿಂದ ಒಂದು ಮಾತು ಬಂತು: “ಪ್ರಶ್ನೆಯೊಳಗ ಇದ್ದದ್ದಷ್ಟ ಸತ್ಯ. ಹೊರಗಿನ ಜ್ಞಾನ ಹೊರಗ ಬಿಟ್ಟು ಬರ್ರಿ, ಚಪ್ಪಲಿ ಬಿಟ್ಟಂಗ.” ಮಾತು ಎಷ್ಟು ಛಲೋ ಕುಂತಿತೆಂದರೆ, ಮುಂದಿನ ವಾರ ನಾಲ್ಕೂ ಊರಿನ ಗೋಡೆಯ ಮೇಲೆ ಡೈರೆಕ್ಟರ್ ಸಾಹೇಬರು ಅದನ್ನು ಬರೆಸಿದರು, ಕೆಳಗೆ ತಮ್ಮ ಹೆಸರು ಹಾಕಿ.

ಸಾಹೇಬರ ಬಗ್ಗೆ ಎರಡು ಮಾತು ಹೇಳದಿದ್ದರೆ ನಾನು ಉಪ್ಪುಂಡ ಮನೆಗೆ ಎರಡು ಬಗೆದಂತೆ. ಅವರು ಎದುರಿಗೆ ಒಬ್ಬನೇ ಇದ್ದರೂ ಮೈದಾನದಲ್ಲಿ ಸಾವಿರ ಜನ ಸೇರಿದ್ದಾರೆಂದೇ ಮಾತಾಡುತ್ತಿದ್ದರು. ಚಹಾ ಹೇಳುವ ಮೊದಲು ಮೇಜನ್ನು ಎರಡು ಸಲ ಬೆರಳಿನಿಂದ ಬಡಿಯುವರು, ಮೈಕು ಪರೀಕ್ಷಿಸಿದ ಹಾಗೆ. ಪ್ರತಿ ಮಾತಿನ ಕೊನೆಗೆ, “ಅರ್ಥ ಆತಿಲ್ಲ? ಆತು” ಎಂದು ಪ್ರಶ್ನೆಯೂ ಉತ್ತರವೂ ಅವರದೇ. ಅವರ ದನಿ ನನ್ನ ಗಂಟಲಿಗೆ ಹೊಲಿಸಿದ ಅಂಗಿಯ ಹಾಗೆ ಕೂರುತ್ತಿತ್ತು. ಒಮ್ಮೆ ಯಲಬುರ್ಗಾದ ಬಸ್ ತಪ್ಪಿ ಹೋದಾಗ ಅಲ್ಲಿನ ಆಫೀಸಿಗೆ ಅವರ ದನಿಯಲ್ಲಿ ಫೋನ್ ಹಚ್ಚಿ, “ಇವತ್ತು ರೀಜನಿಂಗ್ ಕ್ಲಾಸ್ ರಜಾ. ಅರ್ಥ ಆತಿಲ್ಲ? ಆತು” ಎಂದೆ. ಆ ಕಡೆಯಿಂದ, “ಆತ್ರಿ ಸಾಹೇಬ್ರ, ಆದ್ರ ನೀವು ಇಲ್ಲೇ ನನ್ನ ಮುಂದ ಕುಂತು ಚಾ ಕುಡ್ಯಾಕ ಹತ್ತೀರಲ್ಲ?” ಎಂಬ ಉತ್ತರ ಬಂತು. ಆ ತಿಂಗಳು ನಾನು ಭಾಳ ವಿಧೇಯನಾಗಿದ್ದೆ.

ಈ ದನಿ ಮಾಡುವ ಚಟವೇ ನನ್ನ ಪಾಠದ ಪದ್ಧತಿಯೂ ಆಗಿತ್ತು. ಪ್ರಶ್ನೆಗೆ ನಾಲ್ಕು ಆಯ್ಕೆ ಇರುತ್ತವಲ್ಲ, ಒಂದೊಂದನ್ನು ಒಂದೊಂದು ದನಿಯಲ್ಲಿ ಹೇಳುವುದು. ಒಂದು ಬಸ್ ಕಂಡಕ್ಟರನದು, ಒಂದು ಗಂಗಾವತಿ ಕಡೆಯ ಭತ್ತದ ವ್ಯಾಪಾರಿಯ ತೆಲುಗು ಬೆರೆತ ಕನ್ನಡ, ಒಂದು ಸಾಹೇಬರದು. ತೆಲುಗು ಮನೆಮಾತಿನ ಶ್ರೀರಾಮನಗರದಿಂದ ಬರುವ ಹುಡುಗರು ತಮ್ಮ ಮಾವನೇ ಬಂದು ಪಾಠ ಮಾಡಿದನೆಂದು ನಗುತ್ತಿದ್ದರು. ಕ್ಲಾಸ್ ತುಂಬುತ್ತಿತ್ತು. ಕಲಿಯುತ್ತಿದ್ದರೇ ಎಂದು ಕೇಳಬೇಡಿ, ತುಂಬುತ್ತಿತ್ತು.

ಇನ್ನು ಗುಳಿಗೆಯ ಪ್ರಶ್ನೆಗೆ ಬರುತ್ತೇನೆ.

ನಮ್ಮ ಸೆಂಟರಿಗೆ ಸ್ವಂತದ ಗೈಡ್ ಒಂದು ಬೇಕೆಂದು ಸಾಹೇಬರಿಗೆ ಆಸೆ ಹುಟ್ಟಿತು. ಅಲ್ಲಲ್ಲಿಂದ ಸೇರಿಸಿದ ಮುನ್ನೂರು ಪ್ರಶ್ನೆಗಳ ಕಟ್ಟು ನನ್ನ ಕೈಗಿಟ್ಟು, ಸಂಜೆಯೊಳಗೆ ಕೀ ಉತ್ತರ ಹಾಕಿ ಕೊಡು, ಅಚ್ಚಿಗೆ ಹೋಗಬೇಕು ಎಂದರು. ಅವತ್ತು ಶನಿವಾರ. ಯಲಬುರ್ಗಾದ ಬಸ್ಸಿನಲ್ಲಿ ನಿಂತು, ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಪೆನ್ನು, ಮುಂದಿದ್ದವರ ಬೆನ್ನೇ ಮೇಜು. ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು:

‘ಮೊಣಕಾಲು ನೋವಿಗೆ ಹೊಸ ಗುಳಿಗೆ ಬಂದಿದೆ. ಅದನ್ನು ತೆಗೆದುಕೊಂಡ ನೂರು ಜನರಲ್ಲಿ ಹತ್ತು ಜನರಿಗೆ ಹೊಟ್ಟೆ ಉರಿಯಿತು. ಆದ್ದರಿಂದ ಹೊಟ್ಟೆ ಉರಿಯುವುದು ಈ ಗುಳಿಗೆಯ ಅಡ್ಡಪರಿಣಾಮ, ಇದನ್ನು ನಿಲ್ಲಿಸಬೇಕು. ಕೆಳಗಿನ ಯಾವ ಹೇಳಿಕೆ ಈ ತೀರ್ಮಾನವನ್ನು ದುರ್ಬಲಗೊಳಿಸುತ್ತದೆ?’

ಎ: ಗುಳಿಗೆ ಕಹಿಯಾಗಿಲ್ಲ. ಬಿ: ಗುಳಿಗೆ ತೆಗೆದುಕೊಳ್ಳದ, ಅದೇ ವಯಸ್ಸಿನ ನೂರು ಮೊಣಕಾಲು ನೋವಿನವರಲ್ಲೂ ಹತ್ತು ಜನರಿಗೆ ಹೊಟ್ಟೆ ಉರಿಯಿತು. ಸಿ: ಹೆಸರಾಂತ ವೈದ್ಯರೊಬ್ಬರು ಗುಳಿಗೆಯನ್ನು ಹೊಗಳಿದ್ದಾರೆ. ಡಿ: ನೋವಿನ ಬೇರೆ ಗುಳಿಗೆಗಳಿಗೂ ಅಡ್ಡಪರಿಣಾಮಗಳಿವೆ.

ನಾನು ಡಿ ಎಂದು ಬರೆದೆ. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಅದರ ಹಿಂದಿನ ಏಳೆಂಟು ಪ್ರಶ್ನೆಗಳಲ್ಲಿ ಡಿ ಬಂದಿರಲಿಲ್ಲ. ಪಾಪ, ಡಿ ಬಂದು ಭಾಳ ಹೊತ್ತಾಯಿತು ಅನ್ನಿಸಿತು. ಬಸ್ಸು ತಿರುವಿನಲ್ಲಿ ವಾಲಿತು, ನಾನೂ ವಾಲಿದೆ.

ಇಲ್ಲಿಗೆ ಮುಗಿದಿದ್ದರೆ ಅದೊಂದು ಅಚ್ಚಿನ ತಪ್ಪು. ಮುಗಿಯಲಿಲ್ಲ. ಗೈಡ್ ಅಚ್ಚಾಗಿ ಬಂದಮೇಲೆ ಆ ಪ್ರಶ್ನೆಯನ್ನು ನಾನೇ ಕ್ಲಾಸಿನಲ್ಲಿ ಬಿಡಿಸಬೇಕಲ್ಲ? ನಮ್ಮ ಕಸುಬಿನ ಒಳಗುಟ್ಟು ಇದು, ಹೊಸಬರು ಗಟ್ಟಿಯಾಗಿ ಕೇಳಿಸಿಕೊಳ್ಳಿ: ನಾವು ಪ್ರಶ್ನೆ ಓದಿ ಉತ್ತರ ಹುಡುಕುವುದಿಲ್ಲ. ಕೀ ನೋಡಿಕೊಂಡು, ಅದಕ್ಕೆ ಒಪ್ಪುವ ವಿವರಣೆಯನ್ನು ಹುಟ್ಟಿಸುತ್ತೇವೆ. ಕೀಯಲ್ಲಿ ಡಿ ಎಂದಿತ್ತು. ಅದನ್ನು ಬರೆದವನು ನಾನೇ ಎಂಬುದನ್ನು ಅಷ್ಟರಲ್ಲಿ ಮರೆತಿದ್ದೆ. ಅಚ್ಚಾದದ್ದು ನಮ್ಮದೇ ಆದರೂ ಬೇರೆ ಯಾರೋ ತಿಳಿದವರು ಬರೆದಂತೆ ಕಾಣುತ್ತದೆ. “ಎಲ್ಲಾ ಗುಳಿಗಿಗೂ ಅಡ್ಡಪರಿಣಾಮ ಅದಾವ. ಅಂದಮ್ಯಾಲ ಇದೊಂದನ್ನ ಯಾಕ ನಿಲ್ಲಿಸಬೇಕು? ತೀರ್ಮಾನ ಬಿತ್ತು. ಅರ್ಥ ಆತಿಲ್ಲ? ಆತು.” ಸಾಹೇಬರ ದನಿಯಲ್ಲಿ ಹೇಳಿದೆ. ಎಲ್ಲರೂ ಬರೆದುಕೊಂಡರು.

ಶರಣಮ್ಮ ಬರೆದುಕೊಳ್ಳಲಿಲ್ಲ.

ಶರಣಮ್ಮ ಅಳವಂಡಿಯವಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಕೊಪ್ಪಳದ ಕ್ಲಾಸಿಗೆ ಬಸ್ಸಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂರುವಳು. ಊರಿನ ಔಷಧದಂಗಡಿಯಲ್ಲಿ ಚೀಟಿ ನೋಡಿ ಗುಳಿಗೆ ತೆಗೆದುಕೊಡುವ ಕೆಲಸ. ಅವ್ವ ಕಳೆ ಕೀಳಲು ಕೂಲಿಗೆ ಹೋಗುವಾಕೆ. ನಾಲ್ಕು ಸಲ ಪರೀಕ್ಷೆ ಬರೆದಿದ್ದಳು, ನನ್ನಷ್ಟೇ ಸಲ ಬಿದ್ದಿದ್ದಳು. ಆಕೆಗೆ ಯಾರೂ ಪಾಂಪ್ಲೆಟ್ ಅಚ್ಚು ಹಾಕಿಸಿರಲಿಲ್ಲ.

“ಸರ್, ಡಿ ಹೆಂಗ ಆಗತೈತ್ರಿ?” ಎಂದಳು. “ಬಾಜೂ ಮನಿಯವನೂ ಕಳ್ಳ ಅಂದ್ರ ಇವಾ ಕಳ್ಳ ಅಲ್ಲ ಅಂತ ಆಗಂಗಿಲ್ಲಲ್ರಿ? ನನಗ ಬಿ ಅನಸ್ತೈತಿ.”

“ಯಾಕ?”

“ನಮ್ಮ ಅಂಗಡಿಗೆ ಬರೋವ್ರನ್ನ ನೋಡೀನ್ರಿ. ಮೊಣಕಾಲು ಗುಳಿಗಿ ನುಂಗಾವ್ರಿಗೂ ಹೊಟ್ಟಿ ಉರೀತೈತಿ, ನುಂಗಲಾರದವ್ರಿಗೂ ಉರೀತೈತಿ. ಮುಂಜಾನೆದ್ದು ರೊಟ್ಟಿಗಿ ಕೆಂಪು ಮೆಣಸಿನಕಾಯಿ ರಂಜಕ ಹಚ್ಚಿಕೊಂಡು ತಿಂದ್ರ ಯಾರಿಗೆ ಉರಿಯಂಗಿಲ್ರಿ? ಎರಡೂ ಕಡಿ ಅಷ್ಟಷ್ಟ ಉರದ್ರ, ಉರಿ ಗುಳಿಗಿದು ಅಂತ ಹೆಂಗ ಅನ್ನೋದು? ಗುಳಿಗಿ ನುಂಗಲಾರದವ್ರನ್ನ ಕೇಳಲಾರದ ಗುಳಿಗಿಗೆ ಶಿಕ್ಷಾ ಕೊಡಬಾರದಲ್ರಿ.”

ಈಗ ಓದಿದರೆ ಗೊತ್ತಾಗುತ್ತದೆ, ಇದಕ್ಕಿಂತ ಸರಿಯಾದ ವಿವರಣೆ ಇಲ್ಲ. ಅವತ್ತು ನನಗೆ ಕೇಳಿಸಿದ್ದು ರಂಜಕ ಮಾತ್ರ. ನಾನು ಗೋಡೆಯ ಮೇಲಿನ ಬರಹ ತೋರಿಸಿ, “ಅಕ್ಕಾ, ರಂಜಕ ಹೊರಗಿನ ಜ್ಞಾನ. ಹೊರಗ ಬಿಟ್ಟು ಬರ್ರಿ” ಎಂದೆ. ಕ್ಲಾಸ್ ನಕ್ಕಿತು. ನಗು ಬಂದರೆ ನನಗೆ ತಡೆಯಿಲ್ಲ. ಆಕೆಯ ದನಿಯಲ್ಲೇ, ಸೆರಗು ಎಳೆದುಕೊಂಡಂತೆ ಮಾಡಿ, “ಗುಳಿಗಿ ನುಂಗಲಾರದವ್ರನ್ನ ಕೇಳಲಾರದ ಗುಳಿಗಿಗೆ ಶಿಕ್ಷಾ ಕೊಡಬಾರದಲ್ರಿ” ಎಂದೆ. ಎಲ್ಲರೂ ಬೆಂಚು ಬಡಿದರು. ಶರಣಮ್ಮ ಕುಳಿತಳು.

ಮರುವಾರ ಆಕೆ ಒಂದು ಹಾಳೆ ತಂದಳು. ಅಂಗಡಿಗೆ ಬಂದವರನ್ನು ಕೇಳಿ, ಗುಳಿಗೆ ನುಂಗುವವರು ಒಂದು ಕಡೆ, ನುಂಗದವರು ಇನ್ನೊಂದು ಕಡೆ, ಉರಿದವರಿಗೆ ಗೆರೆ ಎಳೆದಿದ್ದಳು. “ನೋಡ್ರಿ ಸರ್” ಎಂದು ಮೇಜಿನ ಮೇಲಿಟ್ಟಳು. ನಾನು ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, “ಅಳವಂಡಿ ಸಂಶೋಧನಾ ಕೇಂದ್ರದಿಂದ ಈಗಷ್ಟೇ ಬಂದ ವರದಿ” ಎಂದು ವಾರ್ತೆ ಓದುವ ದನಿಯಲ್ಲಿ ಓದಿದೆ. ಆಮೇಲೆ ಶರಣಮ್ಮ ಮೂರು ವರ್ಷ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ.

ಆದರೆ ಶರಣಮ್ಮನ ದನಿ ನನ್ನಲ್ಲಿ ಉಳಿಯಿತು, ಯಾಕೆಂದರೆ ಅದು ಭಾಳ ಓಡಿತು. ಗಂಗಾವತಿಯಲ್ಲಿ ಮಾಡಿದೆ, ಕುಷ್ಟಗಿಯಲ್ಲಿ ಮಾಡಿದೆ, ಯಲಬುರ್ಗಾದಲ್ಲಿ ಹುಡುಗರೇ, “ಸರ್, ಗುಳಿಗಿ ಅಕ್ಕನ್ನ ಮಾಡ್ರಿ” ಎಂದು ಕೇಳುತ್ತಿದ್ದರು. ಮೊದಲು ಡಿಯನ್ನು ಸಾಹೇಬರ ದನಿಯಲ್ಲಿ, ಆಮೇಲೆ ಬಿಯನ್ನು ಶರಣಮ್ಮನ ದನಿಯಲ್ಲಿ. ರಂಜಕ ಬಂದಲ್ಲಿ ನಗು, ಕೊನೆಗೆ ಮತ್ತೆ ಡಿಗೆ ಜಯ. ಅದೇ ಕಾಲಕ್ಕೆ ಪದ್ಧತಿಯೂ ಬದಲಾಯಿತು. ಹಲಗೆಯ ಜೊತೆಗೆ ಫೋನೂ ಬಂತು, ಕ್ಲಾಸಿನ ಪಾಠಗಳೆಲ್ಲ ವಿಡಿಯೋ ಕೂಡ ಆದವು. ಮೊದಲು ತಪ್ಪು ಕಲಿಸಿದರೆ ಒಂದು ಕೋಣೆಗಷ್ಟೇ ಕಲಿಸುತ್ತಿದ್ದೆ. ಈಗ ನಾನು ಮಲಗಿದಾಗಲೂ ನನ್ನ ತಪ್ಪು ಊರೂರು ತಿರುಗಿ ಪಾಠ ಮಾಡುತ್ತಿತ್ತು. ಅಳವಂಡಿಯಲ್ಲೂ ಜನ ನೋಡಿದರಂತೆ. ಅಂಗಡಿಗೆ ಬಂದವರು, “ನಮಗ ಗುಳಿಗಿ ಬ್ಯಾಡ, ರಂಜಕ ಕೊಡವಾ” ಎಂದು ಕಾಡಿಸಿದರಂತೆ. ಇದನ್ನು ಆಕೆ ನನಗೆ ಹೇಳಲಿಲ್ಲ. ಆಕೆಯ ಅಕ್ಕನ ಮಗ ಕುಷ್ಟಗಿಯ ಕ್ಲಾಸಿನಲ್ಲಿದ್ದ, ಅವನು ಹೇಳಿದ. ನಾನು ಹೊಗಳಿಕೆ ಎಂದುಕೊಂಡೆ.

ಐದನೆಯ ಸಲದ ಪರೀಕ್ಷೆ ಬಂತು. ಶರಣಮ್ಮನಿಗೆ ಅದು ಕೊನೆಯದು. ಮುಂದಿನ ಸಲಕ್ಕೆ ವಯಸ್ಸಿನ ಮಿತಿ ದಾಟುತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ನಮ್ಮ ಮೊಣಕಾಲು ಗುಳಿಗೆ ಅಕ್ಷರ ಬಿಡದೆ ಕುಳಿತಿತ್ತು. ಸಾಹೇಬರು ಮೇಜು ಬಡಿದು, “ನಮ್ಮ ಗೈಡಿನ ಪ್ರಶ್ನಿ ಬಂದೈತಿ! ಅರ್ಥ ಆತಿಲ್ಲ? ಆತು” ಎಂದು ಬ್ಯಾನರ್ ಬರೆಸಲು ಹೇಳಿದರು. ಹದಿನೈದು ದಿನಕ್ಕೆ ತಾತ್ಕಾಲಿಕ ಕೀ ಉತ್ತರ ಪ್ರಕಟವಾಯಿತು. ಆ ಪ್ರಶ್ನೆಗೆ ಉತ್ತರ: ಡಿ.

ಪ್ರಶ್ನೆ ತೆಗೆದವರು ನಮ್ಮ ಗೈಡನ್ನು ನೋಡಿದ್ದರೋ, ನಮ್ಮ ಗೈಡ್ ನೋಡಿ ಬರೆದ ಮತ್ತೊಂದು ಗೈಡನ್ನು ನೋಡಿದ್ದರೋ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಯಲಬುರ್ಗಾದ ಬಸ್ಸು ತಿರುವಿನಲ್ಲಿ ವಾಲಿದ್ದಕ್ಕೆ ಈಗ ಮೇಲಿನವರ ಮುದ್ರೆ ಬಿದ್ದಿತ್ತು.

ಮರುದಿನ ಶರಣಮ್ಮ ಬಂದಳು. ಕ್ಲಾಸಿಗಲ್ಲ, ನನ್ನ ಹತ್ತಿರ. ಕೈಯಲ್ಲಿ ಉತ್ತರ ಹಾಳೆಯ ಪ್ರತಿ.

“ನಾ ಬಿ ಬರದೀನ್ರಿ” ಎಂದಳು.

“ಅಯ್ಯೋ ಅಕ್ಕಾ, ನಾ ಡಿ ಅಂತ ಕಲಿಸಿದ್ನಲ್ಲ?”

“ಕಲಿಸಿದ್ರಿ. ಕೇಳೀನಿ. ಆದ್ರ ಬಿ ಖರೇ ಇತ್ತಲ್ರಿ, ಹೆಂಗ ಬಿಡ್ಲಿ?” ಹಾಳೆ ನನ್ನ ಮುಂದಿಟ್ಟಳು. “ಎಲ್ಲಾ ಲೆಕ್ಕ ಹಾಕೀನ್ರಿ ಸರ್. ಈ ಸಲ ಅಂಚಿನ ಮ್ಯಾಲ ಅದೀನಿ. ಈ ಒಂದು ಪ್ರಶ್ನಿ ಆದ್ರ ಒಳಗ, ಹೋದ್ರ ಹೊರಗ. ಆಕ್ಷೇಪಣಿ ಹಾಕಾಕ ಏಳ ದಿನ ಕೊಟ್ಟಾರ. ಬರೇ ನನ್ನ ಮಾತು ನಡಿಯಂಗಿಲ್ಲಂತ, ಆಧಾರ ಹಚ್ಚಬೇಕಂತ. ನೀವ ಒಂದು ಪತ್ರ ಬರದುಕೊಡ್ರಿ.”

“ನಾನು ಏನಂತ ಬರೀಲಿ?”

“ಪುಸ್ತಕದಾಗ ಡಿ ಅಂತ ಬರದಾವ್ರು ನೀವು. ತಪ್ಪಾಗೈತಿ ಅಂತ ಬರೀರಿ.”

ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಭಾಳ ಕೆಲಸಗಳು ನೆನಪಾಗುತ್ತವೆ. ನೋಡೋಣ ಅಕ್ಕಾ, ನಾಳೆ ಗಂಗಾವತಿ, ನಾಡಿದ್ದು ಗಂಗಾವತಿ, ಆಮೇಲೆ ಕುಷ್ಟಗಿ ಎಂದು ಬಸ್ಸಿನ ವೇಳಾಪಟ್ಟಿ ಓದಿದೆ. ಆಕೆ, “ರವಿವಾರ ಬರ್ತೀನ್ರಿ. ಸೋಮವಾರ ಕೊನೀ ದಿನ” ಎಂದು ಹೋದಳು.

ಅಷ್ಟರಲ್ಲಿ ಸಾಹೇಬರಿಗೂ ಸುದ್ದಿ ಮುಟ್ಟಿತ್ತು. ಬೇರೆ ಊರಿನ ಯಾರೋ ಡಿ ತಪ್ಪು ಎಂದು ವಿಡಿಯೋ ಹಾಕಿದ್ದರು. ಸಾಹೇಬರು ನನ್ನನ್ನು ಕೂರಿಸಿ ಮೇಜು ಬಡಿದರು. “ನೀ ಒಂದು ವಿಡಿಯೋ ಮಾಡು. ಡಿ ಹೆಂಗ ಸರಿ ಅಂತ. ನಮ್ಮ ಹುಡುಗುರು ಎಲ್ಲಾ ಡಿ ಬರದಾರ, ಬ್ಯಾನರ್ ಅಚ್ಚಿಗೆ ಹೋಗೈತಿ.”

“ಸಾಹೇಬ್ರ, ಬಿ ಸರಿ ಇದ್ದಂಗ ಐತ್ರಿ.”

“ಸರಿ ಯಾವುದು ಅಂತ ಯಾರು ಕೇಳಿದ್ರು? ಕೀ ಯಾವುದು? ಡಿ. ಮುಗೀತು. ಅರ್ಥ ಆತಿಲ್ಲ?”

“ಆತು” ಎಂದೆ. ಎಂಟು ವರ್ಷದಲ್ಲಿ ಅವರ ಪ್ರಶ್ನೆಗೆ ನಾನು ಕೊಟ್ಟ ಮೊದಲ ಉತ್ತರ ಅದು. ಅವರಿಗೆ ಸ್ವಲ್ಪ ಅವಮಾನವಾದಂತೆ ಕಂಡಿತು.

ವಿಡಿಯೋ ಮಾಡಿದೆ. ಹೌದು, ಮಾಡಿದೆ, ನಾನು ಇಲ್ಲಿ ನಾಯಕನಾಗಲು ಬಂದಿಲ್ಲ. ಡಿಗೆ ಸಾಹೇಬರ ದನಿ, ಬಿಗೆ ಶರಣಮ್ಮನ ದನಿ, ಹಳೆಯ ಆಟವೇ. ಶನಿವಾರ ಯಲಬುರ್ಗಾದ ಬಸ್ಸಿನಲ್ಲಿ ಕೂತು, ಕಳಿಸುವ ಮೊದಲು ಒಮ್ಮೆ ಕೇಳೋಣವೆಂದು ಫೋನ್ ಕಿವಿಗೆ ಹಿಡಿದೆ. ನನ್ನ ಫೋನಿನ ಕಿವಿಮಾತೂ ಊರಿಗೆಲ್ಲ ಕೇಳಿಸುತ್ತದೆ. ಪಕ್ಕದಲ್ಲಿ ಒಬ್ಬ ಮುದುಕಿ, ಕಾಲು ಚಾಚಿ ಮೊಣಕಾಲು ಒತ್ತಿಕೊಳ್ಳುತ್ತ ಕುಳಿತಿದ್ದಳು. ವಿಡಿಯೋ ಮುಗಿದಮೇಲೆ ನನ್ನ ಕಡೆ ತಿರುಗಿದಳು.

“ತಮ್ಮಾ, ಯಾವ ಊರ ನ್ಯಾಯ ಇದು?”

“ನ್ಯಾಯ ಅಲ್ಲಬೇ ಅಮ್ಮಾ, ಪಾಠ.”

“ಏನರ ಇರಲಿ. ಆ ಹೆಣ್ಮಗಳು ಹೇಳೋದು ಖರೇ ಐತಿ ನೋಡು. ನಂಗೂ ಹೊಟ್ಟಿ ಉರೀತೈತಿ, ನಮ್ಮ ನೆಗೆಣ್ಣಿಗೂ ಉರೀತೈತಿ; ಆಕಿ ಒಂದು ಗುಳಿಗಿ ಮುಟ್ಟಿಲ್ಲ. ಆ ಗಂಡಸು ಬರೇ ಬಾಯಿ ಮಾಡ್ತಾನ. ಯಾರಂವಾ?”

ಆ ಗಂಡಸೂ ನಾನೇ, ಆ ಹೆಣ್ಣುಮಗಳೂ ನಾನೇ. ವಿಡಿಯೋ ಮತ್ತೊಮ್ಮೆ ಹಚ್ಚಿ ಕೇಳಿದೆ. ಶರಣಮ್ಮನನ್ನು ನಗೆಪಾಟಲು ಮಾಡಲು ಆಕೆಯ ಒಂದೊಂದು ಮಾತನ್ನೂ, ಉಸಿರು ಸಹಿತ, ತಪ್ಪದೆ ಬಾಯಿಪಾಠ ಮಾಡಿದ್ದೆ. ಹಾಗಾಗಿ ಮೂರು ವರ್ಷ ನಾಲ್ಕು ಊರಿನಲ್ಲಿ ಸರಿಯಾದ ವಿವರಣೆಯನ್ನು ನಾನೇ ಹೇಳುತ್ತ ಬಂದಿದ್ದೆ, ಹೇಳಿ ಹೇಳಿ ಅದಕ್ಕೆ ನಗುತ್ತ ಬಂದಿದ್ದೆ. ಆಮೇಲೆ ಗೊತ್ತಾಯಿತು, ಯಲಬುರ್ಗಾದ ಇಬ್ಬರು ಹುಡುಗರೂ ಪರೀಕ್ಷೆಯಲ್ಲಿ ಬಿ ಎಂದೇ ಬರೆದಿದ್ದರು. ಯಾಕ್ರೋ ಎಂದರೆ, “ನೀವು ಗುಳಿಗಿ ಅಕ್ಕನ್ನ ಮಾಡಿದ್ದು ನೆನಪಾತ್ರಿ ಸರ್. ಆಕಿ ಹೇಳಿದ್ದು ತಿಳೀತು, ನೀವು ಹೇಳಿದ್ದು ತಿಳೀಲಿಲ್ಲ” ಎಂದರು.

ವಿಡಿಯೋ ಅಳಿಸಿದೆ. ರವಿವಾರ ಪತ್ರ ಬರೆದೆ. ಬರೆಯುವುದೇನಿತ್ತು? ನನ್ನ ಅಣಕನ್ನೇ ಬರವಣಿಗೆಗೆ ಇಳಿಸಿದೆ. ಉರಿಯುವವರು ಎರಡೂ ಕಡೆ ಸಮನಾಗಿದ್ದರೆ ಉರಿಗೆ ಗುಳಿಗೆ ಕಾರಣವೆನ್ನಲಾಗದು. ಬೇರೆ ಗುಳಿಗೆಗಳ ದೋಷ ಈ ಗುಳಿಗೆಯ ದೋಷವನ್ನು ಅಳಿಸದು. ಕೆಳಗೆ ಸಹಿ ಮಾಡಿರುವ ನಾನು ಗೈಡಿನ ಇಂಥ ಪುಟದಲ್ಲಿ ವಿಚಾರ ಮಾಡದೆ ತಪ್ಪು ಉತ್ತರ ಕೊಟ್ಟಿದ್ದೇನೆ. ಗೈಡಿನ ಆ ಪುಟವನ್ನೂ ಹಚ್ಚಿದೆ. ಶರಣಮ್ಮ ಬಂದು ಓದಿದಳು, ತುಟಿ ಅಲುಗಿಸುತ್ತ.

“ಇದು ನಂದ ಮಾತಲ್ರಿ ಸರ್.”

“ಹೌದಕ್ಕಾ. ‘ರಿ’ ಅಷ್ಟ ತಗದೀನಿ.”

“ಯಾಕ ತಗದ್ರಿ? ಮ್ಯಾಲಿನವ್ರಿಗೆ ಬರಿಯೋದು, ಮರ್ಯಾದಿ ಇರ್ಲಿ.”

ಮಂಗಳವಾರ ಸಾಹೇಬರ ಮುಂದೆ ಆ ಪತ್ರದ ಫೋಟೋ ಇತ್ತು. ಯಾರು ಕಳಿಸಿದರೋ! ಅವರು ಮೇಜು ಬಡಿಯಲಿಲ್ಲ. ಆಗಲೇ ನನಗೆ ಹೆದರಿಕೆಯಾಯಿತು. ಬರೀ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳುವಂತೆ, “ನಮ್ಮ ಹುಡುಗುರ ಒಂದು ಮಾರ್ಕು ನೀನ ಕಳದ್ಯಲ್ಲೋ. ಭಾಳ ದಣದೀ, ಇನ್ನ ಆರಾಮ ತಗೋ” ಎಂದರು. ನಾನು ಚಪ್ಪಲಿ ಹಾಕಿಕೊಂಡು, ಹೊರಗೆ ಬಿಟ್ಟಿದ್ದ ಜ್ಞಾನವನ್ನೂ ತೆಗೆದುಕೊಂಡು ಬಂದೆ. ನಿವೃತ್ತಿ ಅಂದರೆ ಇಷ್ಟೇ.

ಅಂತಿಮ ಕೀ ಉತ್ತರ ಬಂದಾಗ ಅದರಲ್ಲಿ ಡಿ ಇರಲಿಲ್ಲ. ಬಿ ಕೂಡ ಇರಲಿಲ್ಲ. ಆ ಪ್ರಶ್ನೆಯನ್ನು ಕೈಬಿಟ್ಟು ಎಲ್ಲರಿಗೂ ಕೃಪಾಂಕ ಕೊಟ್ಟಿದ್ದರು. ಬಿ ಬರೆದವರಿಗೆ ಒಂದು, ಡಿ ಬರೆದವರಿಗೆ ಒಂದು, ಏನೂ ಬರೆಯದೆ ಕಿಟಕಿ ನೋಡಿದವರಿಗೂ ಒಂದು. ಸಾಹೇಬರು ಹಳೆಯ ಬ್ಯಾನರ್ ಇಳಿಸಿ ‘ನಮ್ಮ ಸಂಸ್ಥೆಯ ಹೋರಾಟಕ್ಕೆ ಸಂದ ಜಯ’ ಎಂಬ ಹೊಸದನ್ನು ಏರಿಸಿದರು. ಅದರಲ್ಲಿ ನನ್ನ ಫೋಟೋ ಇರಲಿಲ್ಲ. ಗಡಿಬಿಡಿಯಲ್ಲಿ ಪಾಂಪ್ಲೆಟಿನಿಂದ ತೆಗೆಯಲು ಮರೆತಿದ್ದರು, ಅಲ್ಲಿತ್ತು.

ಶರಣಮ್ಮ ಆಯ್ಕೆಯಾದಳು, ಪಟ್ಟಿಯ ತೀರಾ ಕೊನೆಗೆ. ಫೋನ್ ಮಾಡಿದಾಗ ದನಿಯಲ್ಲಿ ಅಂಥ ಖುಷಿ ಇರಲಿಲ್ಲ.

“ನೌಕರಿ ಆತ್ರಿ. ಆದ್ರ ಒಂದು ಕೇಳ್ಲೇನು? ನನಗೂ ಒಂದು ಮಾರ್ಕು, ತಪ್ಪು ಬರದವ್ರಿಗೂ ಒಂದು ಮಾರ್ಕು. ಹಂಗಂದ್ರ ನಾ ಸರಿ ಇದ್ನೋ ಇಲ್ಲೋ?”

“ಸರಿ ಇದ್ರಿ ಅಕ್ಕಾ.”

“ಹಂಗಂತ ಎಲ್ಲೂ ಬರದಿಲ್ಲಲ್ರಿ.”



ಈಗ ನನ್ನ ಹೊಟ್ಟೆಪಾಡು ಗಂಟಲಿನಿಂದಲೇ ನಡೆಯುತ್ತದೆ. ತರಕಾರಿ ಗಾಡಿಗಳ ಸ್ಪೀಕರಿನಲ್ಲಿ ‘ಉಳ್ಳಾಗಡ್ಡಿ, ಬದನಿಕಾಯಿ, ತಾಜಾ ಸವತಿಕಾಯಿ’ ಎಂದು ಕೂಗುವವನು ನಾನು. ಕೊಪ್ಪಳದಲ್ಲಿ ಸಾಹೇಬರ ದನಿಯಲ್ಲಿ ಬದನೆಕಾಯಿ ಮಾರಾಟವಾಗುವುದನ್ನು ನೀವು ಕೇಳಿರಬಹುದು. ಹೋದ ತಿಂಗಳು ಆದಾಯ ಪ್ರಮಾಣಪತ್ರಕ್ಕೆಂದು ಯಲಬುರ್ಗಾದ ಒಂದು ಕಚೇರಿಗೆ ಹೋದೆ. ಸಾಲಿನಲ್ಲಿ ನಿಂತು ಕಿಟಕಿ ಮುಟ್ಟಿದರೆ ಒಳಗೆ ಶರಣಮ್ಮ.

ಗುರುತು ಹಿಡಿದರೂ ಆಕೆ ನಗಲಿಲ್ಲ. ಅರ್ಜಿಯ ಮೇಲೆ ಬೆರಳು ಓಡಿಸಿ ಒಂದು ಕಡೆ ನಿಲ್ಲಿಸಿದಳು. “ಉದ್ಯೋಗ: ನಿವೃತ್ತ. ವಯಸ್ಸು: ಮೂವತ್ತೊಂದು. ಇದೇನ್ರಿ?”

“ಅಕ್ಕಾ, ನಿಮಗ ಗೊತ್ತೈತಲ್ಲ, ಆ ಪತ್ರ ಬರದಮ್ಯಾಲ...”

ಆಕೆ ಕೈ ಎತ್ತಿದಳು. ಆಮೇಲೆ, ನನ್ನ ದನಿಯಲ್ಲಿ, ನಾನೇ ಬೆಚ್ಚುವಷ್ಟು ನನ್ನದೇ ದನಿಯ ರಾಗದಲ್ಲಿ, “ಅರ್ಜಿಯೊಳಗ ಇದ್ದದ್ದಷ್ಟ ಸತ್ಯ. ಹೊರಗಿನ ಜ್ಞಾನ ಹೊರಗ ಬಿಟ್ಟು ಬರ್ರಿ, ಚಪ್ಪಲಿ ಬಿಟ್ಟಂಗ” ಎಂದಳು. ಪಕ್ಕದ ಮೇಜಿನವರು ನಕ್ಕರು. ಸಾಲು ನಕ್ಕಿತು. ನಗುವ ಜನರ ನಡುವೆ ನಿಲ್ಲುವುದು ಹೇಗಿರುತ್ತದೆ ಎಂಬುದನ್ನು, ಎಂಟು ವರ್ಷದ ಕೆಲಸ ಕಲಿಸದ್ದನ್ನು, ಆ ಅರ್ಧ ನಿಮಿಷ ನನಗೆ ಕಲಿಸಿತು.

‘ನಿವೃತ್ತ’ ಹೊಡೆದು ‘ಕೂಗುವುದು’ ಎಂದು ಬರೆದೆ. ಶರಣಮ್ಮ ಡ್ರಾಯರ್ ಎಳೆದು ಒಂದು ಹಳೆಯ ಪುಸ್ತಕ ತೆಗೆದಳು. ನಮ್ಮ ಗೈಡ್. ಪುಟ ಮಡಚಿಟ್ಟಿದ್ದಳು. ಅದರೊಳಗೆ ಗೆರೆ ಎಳೆದ ಆ ಹಾಳೆಯೂ ಇತ್ತು. ಪುಸ್ತಕವನ್ನು ಕಿಟಕಿಯಿಂದ ಈ ಕಡೆ ತಳ್ಳಿದಳು.

“ಪೆನ್ನು ಕೈಯಾಗ ಐತಿ, ಇದನ್ನೂ ತಿದ್ದಿಬಿಡ್ರಿ.”

ನಾನು ಡಿ ಹೊಡೆದು ಬಿ ಎಂದು ಬರೆದು ವಾಪಸ್ ಕೊಡಹೋದೆ. ಆಕೆ ತೆಗೆದುಕೊಳ್ಳಲಿಲ್ಲ.

“ತಿದ್ದಿದ್ದರ ಬಾಜೂಕ ಸಹಿ ಮಾಡ್ರಿ ಸರ್. ಸಹಿ ಇಲ್ಲದ ತಿದ್ದುಪಡಿ ನಮ್ಮಲ್ಲಿ ನಡಿಯಂಗಿಲ್ಲ.”

ಹಿಂದಿನಿಂದ ಒಬ್ಬ ಯಜಮಾನ, “ಲಗೂ ಸಹಿ ಮಾಡೋ ತಮ್ಮಾ, ಬಸ್ ಹೋಗತೈತಿ” ಎಂದ.

ಸಹಿ ಮಾಡಿದೆ. ಶರಣಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಹಾಳೆ ಒಳಗಿಟ್ಟು, ಪುಸ್ತಕ ಮುಚ್ಚಿ, ನನ್ನ ಹಿಂದೆ ನಿಂತ ಯಜಮಾನನಿಗೆ, “ಬರ್ರಿ” ಎಂದಳು.